ಎರಡನೆಯ ಸ್ಟಿಕ್ಕು

ಕಡುನೀಲಿ ಆಕಾಶ, ಅದರ ಕೆಳಗೆ ಒಂದು ಹಗ್ಗದ ಸೇತುವೆ. ಸೇತುವೆಯ ಈಚೆ ತುದಿಯಲ್ಲಿ ಹೆಬ್ಬೆರಳ ಗಾತ್ರದ ಇಬ್ಬರು ಆಳುಗಳು, ಅವರ ಹೆಗಲ ಮೇಲೆ ಒಂದು ಕೆಂಪು ಪಲ್ಲಕ್ಕಿ. ಮುಂದಿನ ಆಳು ಅಣ್ಣ, ಹಿಂದಿನ ಆಳು ನಾನು. ಬಾಲ್ಯ ಎಂದರೆ ಬೇರೆಯವರಿಗೆ ಅಜ್ಜಿಯ ಮಡಿಲೋ, ಹಿತ್ತಲ ಪೇರಲೆ ಮರವೋ ಕಣ್ಣಿಗೆ ಕಟ್ಟುತ್ತದಂತೆ. ನನಗೆ ಕಟ್ಟುವುದು ಈ ಚಿತ್ರ. ಅವರವರ ಭಾಗ್ಯ ಅವರವರಿಗೆ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮಪ್ಪನ ವಿಡಿಯೋ ಗೇಮ್ ಅಂಗಡಿ ಇತ್ತು. ಗೋಡೆಗೆ ಒರಗಿಸಿ ನಿಲ್ಲಿಸಿದ ಎತ್ತರದ ಮರದ ಪೆಟ್ಟಿಗೆಗಳು, ಒಂದೊಂದರ ಹೊಟ್ಟೆಯೊಳಗೆ ಒಂದೊಂದು ಆಟ. ಅವುಗಳಲ್ಲಿ ಒಂದರ ಹೆಸರು ನಮಗೆ ಯಾರಿಗೂ ಓದಲು ಬಾರದ ಲಿಪಿಯಲ್ಲಿತ್ತು. ಊರವರು ಅದನ್ನು ‘ಪಲ್ಲಕ್ಕಿ ಆಟ’ ಎಂದು ಕರೆದರು, ಹೆಸರು ಅದೇ ನಿಂತಿತು. ಇಬ್ಬರೇ ಆಡಬೇಕಾದ ಆಟ ಅದು. ಇಬ್ಬರಿಗೂ ಆಳನ್ನು ಓಡಿಸಲು ಒಂದೊಂದು ಸ್ಟಿಕ್ಕು, ಹಾರಿಸಲು ಒಂದೊಂದು ಗುಂಡಿ. ತೂಗುವ ಸೇತುವೆಗಳ ಮೇಲೆ ಪಲ್ಲಕ್ಕಿ ಹೊತ್ತು ಓಡಬೇಕು, ಸೇತುವೆ ಹರಿದಿರುವ ಕಡೆ ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿ ಹಾರಬೇಕು. ಒಬ್ಬ ಮೊದಲು ಹಾರಿ ಇನ್ನೊಬ್ಬ ಆಮೇಲೆ ಹಾರಿದರೆ ಪಲ್ಲಕ್ಕಿ ವಾಲಿ ಮೂವರೂ ಕೆಳಗೆ. ಮೂವರು ಎಂದೆ, ಯಾಕೆಂದರೆ ಪಲ್ಲಕ್ಕಿಯೊಳಗೆ ಯಾರೋ ಇದ್ದಾರೆ ಎಂದೇ ನಾವು ನಂಬಿದ್ದೆವು.

ಒಟ್ಟು ಏಳು ಸೇತುವೆ. ಊರಿನ ಘಟಾನುಘಟಿಗಳೆಲ್ಲ ಮೂರು, ನಾಲ್ಕರಲ್ಲಿ ಬೀಳುತ್ತಿದ್ದರು. ಆರನ್ನು ದಾಟುತ್ತಿದ್ದವರು ನಾನು ಮತ್ತು ಅಣ್ಣ ಇಬ್ಬರೇ. ಏಳನೆಯದನ್ನು ನಾವೂ ದಾಟಿರಲಿಲ್ಲ. ಅದರಲ್ಲಿ ಸೇತುವೆ ತೂಗುವುದಿಲ್ಲ, ಆದರೆ ಅದಕ್ಕೆ ಕಾಲಿಟ್ಟ ಕೂಡಲೇ ಇಡೀ ಪರದೆ ಕಪ್ಪಾಗಿಬಿಡುತ್ತದೆ. ಆಳುಗಳು ಹರಿದ ಜಾಗಕ್ಕೆ ಬಂದು ತಾವಾಗಿಯೇ ನಿಲ್ಲುತ್ತಾರೆ, ಕಾಲಡಿಯ ಮರ ಕಿರುಗುಟ್ಟಲು ಶುರುವಾಗುತ್ತದೆ. ಅದು ಮುರಿಯುವುದರೊಳಗೆ ಒಟ್ಟಿಗೆ ಹಾರಬೇಕು. ಬೆಳಕಿದ್ದಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತಿತ್ತು. ಕತ್ತಲಲ್ಲಿ ಅಷ್ಟೂ ನಡೆಯುತ್ತಿರಲಿಲ್ಲ. ‘ಒಂದು, ಎರಡು, ಹೂಂ’ ಎಂದು ಕೂಗಿಕೊಂಡು ನೋಡಿದೆವು. ಅವನು ‘ಹೂಂ’ ಶುರುವಾದಾಗ ಒತ್ತಿದರೆ ನಾನು ಮುಗಿದಾಗ ಒತ್ತುತ್ತಿದ್ದೆ. ಏಳನೆಯದನ್ನು ದಾಟಲು ಯಾರಿಂದಲೂ ಆಗದು, ಅದನ್ನು ಮಾಡಿದವರೇ ತಮಾಷೆಗೆ ಇಟ್ಟಿದ್ದಾರೆ ಎಂದು ಊರಲ್ಲಿ ತೀರ್ಮಾನವಾಯಿತು.

ಎರಡು ಸ್ಟಿಕ್ಕುಗಳ ನಡುವೆ ಒಂದು ಅಡ್ಡಹಲಗೆ ಇತ್ತು. ಅದು ಯಂತ್ರದ ಜೊತೆ ಬಂದದ್ದಲ್ಲ, ಅಪ್ಪ ಮಾಡಿಸಿ ಸಿಕ್ಕಿಸಿದ್ದು. ನಾನೂ ಅಣ್ಣನೂ ಆಡುವಾಗ ಮೊಣಕೈಯಿಂದ ತಿವಿದುಕೊಂಡು, ಸೋತದ್ದಕ್ಕೆ ಒಬ್ಬರನ್ನೊಬ್ಬರು ಬೈದುಕೊಂಡು, ಕೊನೆಗೆ ಜುಟ್ಟು ಹಿಡಿದುಕೊಳ್ಳುತ್ತಿದ್ದೆವು. ಒಂದು ದಿನ ಅಪ್ಪನಿಗೆ ರೇಗಿ ಬಡಗಿಯನ್ನು ಕರೆಸಿದರು. ಎದೆಮಟ್ಟದ ಹಲಗೆ ನಡುವೆ ಬಂತು. “ನಿನ್ನ ಕೆಲಸ ನೀನು ನೋಡು, ಅವನ ಕೆಲಸ ಅವನು ನೋಡ್ಲಿ” ಎಂದರು. ಆಮೇಲೆ ಜಗಳ ನಿಂತಿತು. ಹಲಗೆ ಅಂಗಡಿಯ ಕಾನೂನಾಯಿತು, ಮಿಕ್ಕ ಯಂತ್ರಗಳಿಗೂ ಬಂತು.

ಅಪ್ಪ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಯಂತ್ರಗಳ ಒಳಗಿನ ಬೋರ್ಡುಗಳು ತೇವ ಹಿಡಿದು ಒಂದೊಂದಾಗಿ ಸತ್ತವು. ಅಣ್ಣ ಪಲ್ಲಕ್ಕಿ ಆಟದ ಪೆಟ್ಟಿಗೆಯನ್ನು ಮಾತ್ರ ಮನೆಯ ನಡುಮನೆಗೆ ತಂದು, ಅದರ ಹೊಟ್ಟೆಯೊಳಗೆ ಒಂದು ಕಂಪ್ಯೂಟರ್ ಇಟ್ಟ. ಹಳೆಯ ಯಂತ್ರದ ವೇಷ ಹಾಕಿಕೊಂಡು ಅದೇ ಆಟವನ್ನು ಆಡಿಸುವ ಪ್ರೋಗ್ರಾಮುಗಳು ಇರುತ್ತವೆ, ಎಮ್ಯುಲೇಟರ್ ಎನ್ನುತ್ತಾರೆ. ಅಂಥದ್ದೊಂದನ್ನು ಎಲ್ಲಿಂದಲೋ ತಂದು ಹಾಕಿದ. ಅದೇ ಡಬ್ಬಾ ಟಿ.ವಿ., ಅದೇ ಹಲಗೆ, ಅದೇ ನೀಲಿ ಆಕಾಶ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಒಂದು ಸುತ್ತು ಆಡದೆ ನಮಗೆ ಊಟ ಸೇರುತ್ತಿರಲಿಲ್ಲ. ಮೊದಲನೆಯ ಸ್ಟಿಕ್ಕು ಅವನದು, ಎರಡನೆಯದು ನನ್ನದು. ಅದು ಬದಲಾಗಬಹುದು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆಮೇಲೆ ಶಿಕ್ಷಕಿಯರ ತರಬೇತಿಗೆಂದು ನಾನು ಒಂದು ವರ್ಷ ಪರವೂರಿಗೆ ಹೋದೆ. ನಡುವೆ ಅಣ್ಣನ ಮದುವೆಯಾಯಿತು. ರಜೆ ಹಾಕಿ ಬಂದೆ, ಓಡಾಡಿದೆ, ಆರತಿ ಎತ್ತಿದೆ. ಹೊಸ ಮದುಮಗಳು ಹೊಸಿಲು ದಾಟುವಾಗ ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಹೇಳಿಸಿದೆ. ಭಾರ್ಗವಿ ಅತ್ತಿಗೆ ತಲೆ ತಗ್ಗಿಸಿ “ಮುಕುಂದ” ಎಂದರು, ಎಲ್ಲರೂ ನಕ್ಕರು, ನಾನೂ ನಕ್ಕು ದಾರಿ ಬಿಟ್ಟೆ. ಬಾಗಿಲು ತಡೆಯುವುದು ಗೊತ್ತಿತ್ತು. ಸ್ಟಿಕ್ಕನ್ನು ತಡೆಯಬೇಕಾಗುತ್ತದೆ ಎಂದು ಯಾರು ಹೇಳಿಕೊಟ್ಟಿದ್ದರು?

ತರಬೇತಿ ಮುಗಿಸಿ ಟ್ರಂಕು ಹೊತ್ತು ಮನೆಗೆ ಬಂದದ್ದು ಒಂದು ಸಂಜೆ. ಬಾಗಿಲು ತೆರೆದೇ ಇತ್ತು. ಪೆಟ್ಟಿಗೆಯ ಮುಂದೆ ಎರಡು ಬೆನ್ನುಗಳು ಕಂಡವು.

“ಬಂದ್ಯಾ ಪುಟ್ಟಿ? ಒಂದ್ನಿಮಿಷ ಇರು, ನಾಲ್ಕನೇ ಸೇತುವೆ ಮೇಲಿದೀವಿ” ಎಂದ ಅಣ್ಣ. ತಿರುಗಿ ಕೂಡ ನೋಡಲಿಲ್ಲ.

‘ಇದೀವಿ’ಯಂತೆ! ನಾನು ಟ್ರಂಕನ್ನು ಬೇಕೆಂದೇ ಧಡ್ಡೆಂದು ಇಳಿಸಿದೆ. ಅತ್ತಿಗೆ ಗಾಬರಿಯಾಗಿ ಎದ್ದರು, ಪಲ್ಲಕ್ಕಿ ಕೆಳಗೆ ಬಿತ್ತು.

“ಅಯ್ಯೋ, ಬನ್ನಿ ಬನ್ನಿ. ನೀವು ಕೂತ್ಕೊಳ್ಳಿ. ನಿಮ್ಮಣ್ಣ ದಿನಾ ಹೇಳ್ತಿರ್ತಾರೆ, ಪುಟ್ಟಿ ಥರ ಆಡೋರು ಯಾರೂ ಇಲ್ಲ ಅಂತ” ಎಂದರು.

ನೆಂಟರಿಗೆ ಮಣೆ ಹಾಕುವ ಹಾಗೆ ನನಗೆ ನನ್ನದೇ ಜಾಗವನ್ನು ತೋರಿಸಿದರು. ಕೂತೆ. ಆಗ ಕಣ್ಣಿಗೆ ಬಿದ್ದದ್ದು ಎರಡು. ಡಬ್ಬಾ ಟಿ.ವಿ. ಹೋಗಿ ಆ ಜಾಗದಲ್ಲಿ ತೆಳ್ಳಗಿನ ಫ್ಲಾಟ್ ಟಿ.ವಿ. ಬಂದಿತ್ತು. ಮತ್ತೆ, ನಡುವಿನ ಅಡ್ಡಹಲಗೆ ಇರಲಿಲ್ಲ.

“ಅಪ್ಪನ ಹಲಗೆ ಎಲ್ಲಿ?” ಎಂದೆ.

“ಇವಳ ಬಳೆ ತಾಗತ್ತೆ ಅಂತ ತೆಗೆದೆ ಕಣೇ. ಅಟ್ಟದ ಮೇಲಿದೆ.”

ಬಳೆ ತಾಗುತ್ತದಂತೆ. ನಾನು ಎಷ್ಟೇ ಪೆಟ್ಟಾದರೂ ಅದೇ ಹಲಗೆಗೆ ಮೊಣಕೈ ತಾಗಿಸಿಕೊಂಡು ಬೆಳೆದವಳು. ಆದರೂ ಬಾಯಿ ಮುಚ್ಚಿಕೊಂಡು ಆಡಲು ಶುರುಮಾಡಿದೆ, ಎರಡನೆಯ ಸೇತುವೆಯಲ್ಲೇ ಬಿದ್ದೆ. ಮತ್ತೆ ಆಡಿದೆ. ಮತ್ತೆ ಎರಡರಲ್ಲೇ ಬಿದ್ದೆ. ಮೂರನೆಯ ಸಲ ಮೊದಲನೆಯ ಸೇತುವೆಯನ್ನೂ ದಾಟಲಾಗಲಿಲ್ಲ.

ಅಣ್ಣ ನಕ್ಕ. “ವರ್ಷವೆಲ್ಲ ಚಾಕ್‌ಪೀಸ್ ಹಿಡಿದ ಕೈ. ತುಕ್ಕು ಹಿಡಿದಿದೆ ಬಿಡು.”

“ಟಿ.ವಿ. ಸರಿಯಿಲ್ಲ” ಎಂದೆ.

ಅಡುಗೆಮನೆಯಿಂದ ಅಮ್ಮನ ದನಿ ಬಂತು. “ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ.”

ಅತ್ತಿಗೆ ಮಾತ್ರ ನಗಲಿಲ್ಲ. “ಪ್ರಯಾಣ ಮಾಡಿ ಸುಸ್ತಾಗಿರ್ತಾರೆ, ಪಾಪ” ಎಂದರು. ಆ ‘ಪಾಪ’ ನನಗೆ ಅಮ್ಮನ ಗಾದೆಗಿಂತ ಹೆಚ್ಚು ಉರಿಸಿತು.

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಸಭ್ಯತೆಯ ಸೋಗು ಹಾಕುವವಳಲ್ಲ. ಅವತ್ತಿನಿಂದ ನನಗೆ ಅತ್ತಿಗೆಯನ್ನು ಕಂಡರೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಅಣ್ಣನ ಊಟ, ಬಟ್ಟೆ, ಸಂಬಳ, ಸಿಟ್ಟು ಎಲ್ಲವನ್ನೂ ಅವರಿಗೆ ಬಿಟ್ಟುಕೊಟ್ಟಿದ್ದೆ. ನಾದಿನಿಯಾದವಳು ಬಿಟ್ಟುಕೊಡಬೇಕಾದದ್ದೆಲ್ಲ ಅದೇ ತಾನೆ. ಸ್ಟಿಕ್ಕು ಆ ಲೆಕ್ಕದಲ್ಲಿ ಇರಲಿಲ್ಲ. ಅಪ್ಪ ಹೋದ ಮೇಲೆ ನಮ್ಮಿಬ್ಬರಿಗೇ ಅಂತ ಉಳಿದಿದ್ದದ್ದು ಆ ಒಂದು ಗಳಿಗೆ. ಅದರೊಳಗೂ ಇವರು ಬಂದು ಕೂತರೆ ನಾನು ಎಲ್ಲಿ ಕೂರಬೇಕು? ಅವರು ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ನನಗೆ ಇಷ್ಟ ಎಂದು ಕೇಳಿ ತಿಳಿದು ಹುರುಳಿಕಾಳಿನ ಬಸ್ಸಾರು ಮಾಡಿ ಬಡಿಸಿದರು. ಅದೂ ಚೆನ್ನಾಗಿತ್ತು, ಹಾಳಾಗಿ ಹೋಗಲಿ.

ಮಾರನೆಯ ದಿನ ಅಣ್ಣ ಕೆಲಸಕ್ಕೆ ಹೋದ ಮೇಲೆ ಒಬ್ಬಳೇ ಪೆಟ್ಟಿಗೆಯ ಮುಂದೆ ಕೂತೆ. ಗುಂಡಿ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಗುಂಡಿ ‘ಟಕ್’ ಎನ್ನುತ್ತಿತ್ತು, ಆಮೇಲೆ ಆಳು ಹಾರುತ್ತಿದ್ದ. ಆ ‘ಆಮೇಲೆ’ಯಲ್ಲೇ ಏನೋ ಇತ್ತು. ರೆಪ್ಪೆ ಬಡಿಯುವಷ್ಟು ಹೊತ್ತೂ ಇರಲಾರದು, ಆದರೆ ತೂಗುವ ಸೇತುವೆಯ ಮೇಲೆ ಅಷ್ಟು ಹೊತ್ತು ಬೇಕಾದಷ್ಟಾಯಿತು. ನೆಲ ನಿಜವಾಗಿಯೂ ಡೊಂಕಾಗಿತ್ತು!

ಬಾಯಲ್ಲಿ ಹೇಳಿದರೆ ನಂಬುವವರಲ್ಲ ನಮ್ಮ ಮನೆಯವರು. ತರಬೇತಿಯಲ್ಲಿ ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡಲೆಂದು ಕೊಟ್ಟಿದ್ದ ಬ್ಯಾಟರಿ, ಪುಟ್ಟ ಬಲ್ಬು ನನ್ನ ಟ್ರಂಕಿನಲ್ಲಿದ್ದವು. ಗುಂಡಿಯನ್ನು ಒತ್ತಿದ ಕ್ಷಣವೇ ಬಲ್ಬು ಹತ್ತುವ ಹಾಗೆ ವೈರು ಜೋಡಿಸಿದೆ. ಬಲ್ಬು, ಪರದೆ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಮೊಬೈಲನ್ನು ನಿಲ್ಲಿಸಿ, ಓಡುವುದನ್ನು ತೆವಳಿಸಿ ತೋರಿಸುವ ಕ್ಯಾಮೆರಾದಲ್ಲಿ ಹಿಡಿದೆ. ಸಂಜೆ ಅಣ್ಣನ ಮೂಗಿನ ಮುಂದೆ ಹಿಡಿದು ಒಂದೊಂದೇ ಚಿತ್ರವನ್ನು ಸರಿಸಿದೆ. ಬಲ್ಬು ಹತ್ತಿತು. ಆಳು ನಿಂತೇ ಇದ್ದ. ಸರಿಸಿದೆ, ನಿಂತೇ ಇದ್ದ. ಸರಿಸುತ್ತಲೇ ಹೋದೆ. ಅಣ್ಣನ ಬಾಯಿ ತೆರೆದುಕೊಂಡಿತು.

“ಹೌದಲ್ಲೇ! ಇಷ್ಟು ದಿನ ನಾನು ಹೇಗೆ ಆಡ್ತಿದ್ದೆ ಹಾಗಾದ್ರೆ?”

“ಮುಂಚೆನೇ ಒತ್ತೋದು ಅಭ್ಯಾಸ ಮಾಡ್ಕೊಂಡಿದೀಯ. ನಿಂಗೇ ಗೊತ್ತಿಲ್ಲ.”

“ಆರನೇದರಲ್ಲಿ ಪ್ರತೀ ಸಲ ಬೀಳ್ತಿದ್ದದ್ದು ಇದಕ್ಕೇ ಇರ್ಬೇಕು!”

ಅವನಿಗೆ ಹುರುಪು ಬಂತು. ನನಗೆ ಅವನಿಗಿಂತ ಹುರುಪಿತ್ತು, ಆದರೆ ಕಾರಣ ಬೇರೆ. ಅತ್ತಿಗೆ ಈ ಆಟ ಕಲಿತದ್ದೇ ಈ ಸೋಮಾರಿ ಪರದೆಯ ಮೇಲೆ. ಇದರ ಡೊಂಕಿಗೆ ತಕ್ಕಂತೆ ಅವರ ಕೈ ಬಗ್ಗಿರಬೇಕು. ಪರದೆಯನ್ನು ನೆಟ್ಟಗೆ ಮಾಡಿದರೆ ಅವರು ಮುಂಚೆ ಹಾರಿ ಬೀಳುತ್ತಾರೆ, ನಾನು ನನ್ನ ಕಾಲಕ್ಕೆ ಸರಿಯಾಗಿ ಹಾರುತ್ತೇನೆ. ಯಾರನ್ನೂ ದೂರದೆ, ಯಾರ ಮನಸ್ಸನ್ನೂ ನೋಯಿಸದೆ, ವಿಜ್ಞಾನದ ಬಲದಿಂದ ನನ್ನ ಜಾಗ ನನಗೆ ಬರುತ್ತದೆ. ಇದರಲ್ಲಿ ತಪ್ಪೇನಿತ್ತು? ಈಗಲೂ ನನಗೆ ಕಾಣುವುದಿಲ್ಲ.

ಕೆಲಸ ಶುರುವಾಯಿತು. ಆ ಟಿ.ವಿ. ಬಂದ ಚಿತ್ರವನ್ನು ಬಂದ ಹಾಗೆ ತೋರಿಸುತ್ತಿರಲಿಲ್ಲ. ಅದಕ್ಕೆ ಬಣ್ಣ ಬಳಿದು, ಅಂಚು ತೀಡಿ, ಮದುಮಗಳನ್ನು ಸಿಂಗರಿಸಿದಂತೆ ಸಿಂಗರಿಸಿ ಆಮೇಲೆ ಹೊರಗೆ ಕಳಿಸುತ್ತಿತ್ತು. ರಿಮೋಟಿನಲ್ಲಿ ಹುಡುಕಿ ಆ ಸಿಂಗಾರವನ್ನೆಲ್ಲ ಒಂದೊಂದಾಗಿ ಆರಿಸಿದೆವು. ‘ಗೇಮ್ ಮೋಡ್’ ಎಂಬುದು ಎಲ್ಲೋ ಒಂದು ಮೂಲೆಯಲ್ಲಿ ಅಡಗಿ ಕೂತಿತ್ತು, ಅದನ್ನು ಹಾಕಿದೆವು. ಬಲ್ಬು ಹಚ್ಚಿ ನೋಡಿದರೆ ತಡ ಅರ್ಧಕ್ಕೆ ಇಳಿದಿತ್ತು. ನಾನಿಲ್ಲದಾಗ ಅಣ್ಣ ಶೋಕಿಗೆಂದು ಹಾಕಿದ್ದ ವೈರಿಲ್ಲದ ಸ್ಟಿಕ್ಕುಗಳನ್ನು ಕಿತ್ತು, ಹಳೆಯ ಸ್ಟಿಕ್ಕುಗಳನ್ನೇ ವೈರಿನಿಂದ ಕಂಪ್ಯೂಟರಿಗೆ ಸೇರಿಸಿದೆವು. ಇನ್ನಷ್ಟು ಇಳಿಯಿತು. ಎಮ್ಯುಲೇಟರು ಚಿತ್ರ ನಡುವೆ ಸೀಳಿದಂತೆ ಕಾಣದಿರಲೆಂದು ಪರದೆಯ ಅಪ್ಪಣೆಗೆ ಕಾಯುತ್ತ ಕೂರುತ್ತಿತ್ತು. ಕಾಯಬೇಡ ಎಂದು ಅದಕ್ಕೂ ತಾಕೀತು ಮಾಡಿದೆವು. ಇಷ್ಟಾದರೂ ಒಂದು ಎಳೆ ಉಳಿದೇ ಇತ್ತು.

“ಡಬ್ಬಾ ಟಿ.ವಿ. ಎಲ್ಲಿ?” ಎಂದೆ.

ಅದು ಉಗ್ರಾಣದಲ್ಲಿ ಉಪ್ಪಿನಕಾಯಿ ಭರಣಿಗಳ ಹಿಂದೆ ಗೋಣಿತಾಟು ಹೊದ್ದು ಕೂತಿತ್ತು. ಅದಕ್ಕೆ ಸಿಂಗರಿಸಲು ಬರುವುದಿಲ್ಲ, ಬಂದದ್ದನ್ನು ಬಂದ ಹಾಗೆಯೇ ಗಾಜಿಗೆ ಎರಚುವುದಷ್ಟೇ ಗೊತ್ತು. ನಮಗೆ ಬೇಕಾದದ್ದೂ ಅದೇ. ಪುಣ್ಯಕ್ಕೆ ಕಂಪ್ಯೂಟರಿನ ಬೆನ್ನಲ್ಲಿ ಹಳೆ ಟಿ.ವಿ.ಗೆ ಸೇರುವ ಹಳದಿ ತೂತು ಇತ್ತು. ಮೂವರೂ ಸೇರಿ ಹೊತ್ತು ತಂದೆವು. ಮೂವರು ಅಂದರೆ ಅತ್ತಿಗೆಯೂ. ಸೆರಗು ಸಿಕ್ಕಿಸಿಕೊಂಡು ಒಂದು ಮೂಲೆ ಹಿಡಿದರು, ಅಣ್ಣ ಪೆಟ್ಟಿಗೆಯೊಳಗೆ ತಲೆ ತೂರಿಸಿ ವೈರು ಸೇರಿಸುವಾಗ ಟಾರ್ಚು ಹಿಡಿದು ನಿಂತರು. ತನ್ನ ಬುಡಕ್ಕೆ ತಾನೇ ಬೆಳಕು ಹಿಡಿಯುತ್ತಿದ್ದಾಳಲ್ಲ ಎಂದು ನನಗೆ ಒಳಗೊಳಗೇ ನಗು ಬಂತು.

ಬಲ್ಬು ಹಚ್ಚಿ ಚಿತ್ರ ಹಿಡಿದೆ. ಬಲ್ಬು ಹತ್ತಿತು, ಆಳು ಹಾರಿದ. ನಡುವೆ ಹುಡುಕಲು ಏನೂ ಉಳಿದಿರಲಿಲ್ಲ.

“ಇನ್ನೊಂದಿದೆ. ಅಪ್ಪನ ಹಲಗೆ ಹಾಕು” ಎಂದೆ.

“ಅದ್ಯಾಕೆ ಈಗ?”

“ಹಾಕು ಅಂದ್ರೆ ಹಾಕು. ಆಟ ಆಡೋದಾದ್ರೆ ಅಪ್ಪ ಹೇಳಿದ ಹಾಗೇ ಆಡೋಣ.”

ಅಣ್ಣ ಅಟ್ಟ ಹತ್ತಿ ಹಲಗೆ ತಂದು ಸಿಕ್ಕಿಸಿದ. ನನಗೆ ನನ್ನ ಮನೆ ನನಗೆ ಬಂದ ಹಾಗಾಯಿತು.

ಮೊದಲ ಎರಡು ಸಂಜೆ ಬಿದ್ದವನು ಅಣ್ಣ. ಇಲ್ಲದ ತಡಕ್ಕೆ ಮುಂಚೆಯೇ ಹಾರುತ್ತಿದ್ದ. ಮೂರನೆಯ ಸಂಜೆಯ ಹೊತ್ತಿಗೆ ಅವನ ಕೈ ಹದಕ್ಕೆ ಬಂತು. ಆಮೇಲೆ ನೋಡಬೇಕಿತ್ತು ನಮ್ಮನ್ನು! ನಾಲ್ಕು, ಐದು, ಆರು, ನೀರು ಕುಡಿದಂತೆ ದಾಟಿದೆವು. ಆ ನೀಲಿ ಆಕಾಶದ ಕೆಳಗೆ ಇಬ್ಬರು ಆಳುಗಳು ಒಂದೇ ಉಸಿರಿನಲ್ಲಿ ಹಾರುತ್ತಿದ್ದರು, ಪಲ್ಲಕ್ಕಿ ಒಂದಿಷ್ಟೂ ಅಲುಗುತ್ತಿರಲಿಲ್ಲ. ಏಳನೆಯದಕ್ಕೆ ಕಾಲಿಟ್ಟೆವು, ಕಪ್ಪಾಯಿತು, ಬಿದ್ದೆವು. ಇಬ್ಬರೂ ನಕ್ಕೆವು. ಏಳರಲ್ಲಿ ಬೀಳುವುದು ನಮ್ಮ ಮನೆತನದ ಹಕ್ಕು. ಅತ್ತಿಗೆ ಹಿಂದೆ ಕೂತು ಬಟ್ಟೆ ಮಡಿಸುತ್ತ ನೋಡುತ್ತಿದ್ದರು. ವಾರವಿಡೀ ಅವರು ಸ್ಟಿಕ್ಕು ಮುಟ್ಟಲಿಲ್ಲ, ಕೇಳಲೂ ಇಲ್ಲ. ಮುಗಿಯಿತು ಎಂದುಕೊಂಡೆ. ಅವರ ಮೇಲೆ ಸ್ವಲ್ಪ ಪ್ರೀತಿ ಕೂಡ ಬಂತು.

ಭಾನುವಾರ ಸಂಜೆ ಅಣ್ಣ ತಾನಾಗಿಯೇ ಕರೆದ. “ಭಾರ್ಗವೀ, ನೀನು ಬಾ. ಹಳೆ ಟಿ.ವಿ. ಹೇಗಿದೆ ನೋಡು.”

“ನಂಗೆ ಯಾಕೆ? ಅವರು ಆಡ್ಲಿ ಬಿಡಿ.”

“ಒಂದು ಸಲ ಬಾರೇ.”

ನಾನು ಎದ್ದು ಜಾಗ ಬಿಟ್ಟೆ. ನಿಜ ಹೇಳುತ್ತೇನೆ, ಖುಷಿಯಾಗಿಯೇ ಬಿಟ್ಟೆ. ಅಣ್ಣ ಅಡ್ಡಹಲಗೆಯನ್ನು ಮೇಲಕ್ಕೆ ಎಳೆದು ಗೋಡೆಗೆ ಒರಗಿಸಿದ. ನಾನು ಪಕ್ಕಕ್ಕೆ ಸರಿದು, ಇಬ್ಬರ ಕೈ, ಮುಖ, ಪರದೆ ಎಲ್ಲ ಕಾಣುವಂತೆ ಮೊಬೈಲ್ ಹಿಡಿದೆ. ಅವರು ಎಷ್ಟು ಮುಂಚೆ ಹಾರುತ್ತಾರೆ ಎಂದು ಆಮೇಲೆ ಅಣ್ಣನಿಗೆ ಒಂದೊಂದೇ ಚಿತ್ರ ಸರಿಸಿ ತೋರಿಸಬೇಕಲ್ಲ.

ಅವರು ಮುಂಚೆ ಹಾರಲಿಲ್ಲ. ಮೊದಲನೆಯ ಸೇತುವೆ ದಾಟಿತು, ಎರಡು ದಾಟಿತು. ಮೂರು, ನಾಲ್ಕೂ ದಾಟಿತು. ಐದು ದಾಟಿತು. ಆರನೆಯದರಲ್ಲಿ ಅಣ್ಣನ ಕೈ ಹಿಂದೆಂದೂ ಇಲ್ಲದಷ್ಟು ಚುರುಕಾಗಿತ್ತು. ಆಗದೆ ಏನು, ಎಲ್ಲ ತಡವನ್ನೂ ನಾನೇ ಹೆಕ್ಕಿ ತೆಗೆದಿದ್ದೆನಲ್ಲ. ಆರೂ ದಾಟಿತು. ಪರದೆ ಕಪ್ಪಾಯಿತು. ಹೋಗಲಿ, ಇಲ್ಲಿ ಬೀಳಲೇಬೇಕು ಎಂದುಕೊಂಡೆ. ಮರ ಕಿರುಗುಟ್ಟಿತು. ಎರಡು ಗುಂಡಿಗಳ ‘ಟಕ್’ ಒಂದೇ ಆಗಿ ಕೇಳಿತು. ಬೀಳುವ ಸದ್ದು ಬರಲಿಲ್ಲ. ಮತ್ತೆ ಕಿರುಗುಟ್ಟಿತು, ಮತ್ತೆ ಒಂದೇ ‘ಟಕ್’. ಮೂರನೆಯ ಸಲವೂ ಹಾಗೆಯೇ. ಆಮೇಲೆ ಯಾರೂ ಎಂದೂ ಕೇಳಿರದ ಒಂದು ಸಂಗೀತ ಶುರುವಾಯಿತು. ಪರದೆ ನಿಧಾನವಾಗಿ ಬೆಳಗಿನ ಬಣ್ಣಕ್ಕೆ ತಿರುಗಿ, ಆಳುಗಳಿಬ್ಬರೂ ಹುಲ್ಲಿನ ಮೇಲೆ ಪಲ್ಲಕ್ಕಿ ಇಳಿಸಿ ಹೆಗಲು ಒರೆಸಿಕೊಂಡರು.

“ದಾಟಿದ್ವಿ! ಪುಟ್ಟೀ, ನೋಡೇ, ದಾಟಿದ್ವಿ!” ಅಣ್ಣ ಕುರ್ಚಿ ಬೀಳಿಸಿಕೊಂಡು ಎದ್ದ. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಅಣ್ಣ ನನ್ನ ಹೆಗಲು ಹಿಡಿದು ಅಲ್ಲಾಡಿಸಿದ. “ನಿನ್ನಿಂದಾನೇ ಕಣೇ ಆಗಿದ್ದು! ನೀನು ಟಿ.ವಿ. ಸರಿ ಮಾಡದೇ ಇದ್ದಿದ್ರೆ ಆರನೇದೇ ದಾಟ್ತಿರ್ಲಿಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. “ಹೂಂ” ಎಂದೆ. ಅವತ್ತು ತಲೆನೋವೆಂದು ಊಟ ಮಾಡದೆ ಮಲಗಿದೆ. ಅತ್ತಿಗೆ ಹಾಲು ತಂದಿಟ್ಟು ಹೋದರು, ಕುಡಿಯಲಿಲ್ಲ.

ಮಾರನೆಯ ಮಧ್ಯಾಹ್ನ ಮೊಬೈಲ್ ತೆಗೆದು, ಹಿಡಿದದ್ದನ್ನು ಒಂದೊಂದೇ ಚಿತ್ರವಾಗಿ ಸರಿಸಿ ನೋಡಿದೆ. ಎಲ್ಲೋ ಒಂದು ಮೋಸ ಇರಬೇಕು, ಅದನ್ನು ಹಿಡಿಯಬೇಕು ಎಂಬುದೇ ನನ್ನ ಹಟ. ಬಲ್ಬು, ಗುಂಡಿ, ಪರದೆ ಎಲ್ಲ ನೋಡಿದೆ. ಕಡೆಗೆ ಅತ್ತಿಗೆಯ ಮುಖ ನೋಡಿದೆ. ಅವರು ಪರದೆಯ ಕಡೆ ತಿರುಗಿಯೇ ಇರಲಿಲ್ಲ. ಇಡೀ ಆಟದಲ್ಲಿ ಒಂದು ಸಲವೂ ಇಲ್ಲ. ಕಣ್ಣು ನೆಟ್ಟಿದ್ದದ್ದು ಅಣ್ಣನ ಕೈಯ ಮೇಲೆ.

ಆಗ ಅಣ್ಣನ ಕೈಯನ್ನು ನೋಡಿದೆ. ಪ್ರತಿಯೊಂದು ಹಾರುವಿಕೆಗೂ ಮುಂಚೆ ಅವನ ಬೆರಳು ಗುಂಡಿಯಿಂದ ಮೇಲೆದ್ದು ಗಾಳಿಯಲ್ಲಿ ನಿಲ್ಲುತ್ತಿತ್ತು. ಅತ್ತಿಗೆಯ ಬೆರಳು ಎದ್ದು ಬರುತ್ತಿತ್ತು. ಅದು ಬಂದು ಸೇರುವವರೆಗೂ ಇದು ಇಳಿಯುತ್ತಿರಲಿಲ್ಲ. ಆಮೇಲೆ ಎರಡೂ ಒಟ್ಟಿಗೆ ಇಳಿಯುತ್ತಿದ್ದವು. ಟಿ.ವಿ.ಯಿಂದ, ವೈರಿನಿಂದ, ಎಮ್ಯುಲೇಟರಿನಿಂದ ದಿನಗಟ್ಟಲೆ ಕೂತು ನಾನು ತೆಗೆದಿದ್ದ ತಡವನ್ನು ಅಣ್ಣ ತನ್ನ ಕೈಯಾರೆ ಮತ್ತೆ ಹಾಕುತ್ತಿದ್ದ. ಅವಳಿಗೋಸ್ಕರ. ಹೊಟ್ಟೆಕಿಚ್ಚು ಎಂದು ಅಲ್ಲಿಯವರೆಗೆ ನಾನು ಕರೆಯುತ್ತಿದ್ದದ್ದು ಏನೂ ಅಲ್ಲ ಎಂದು ಆಗ ಗೊತ್ತಾಯಿತು. ನನ್ನ ಕೈ ಎಷ್ಟು ಚುರುಕಾಗಿತ್ತೆಂದರೆ ನನಗೋಸ್ಕರ ಅವನು ಎಂದೂ ಕಾಯಬೇಕಾಗಿರಲಿಲ್ಲ. ಕಾದಿರಲೂ ಇಲ್ಲ.

ಅತ್ತಿಗೆ ಹಿತ್ತಲ ಕಟ್ಟೆಯ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಹೋಗಿ ಎದುರು ನಿಂತೆ.

“ನೀವು ಪರದೆ ನೋಡೋದೇ ಇಲ್ಲ, ಅಲ್ವಾ?”

ಅವರು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನಕ್ಕರು. “ಗೊತ್ತಾಗೋಯ್ತಾ? ಮೊದಮೊದಲು ಅದನ್ನ ನೋಡಿದ್ರೇ ನಂಗೆ ತಲೆ ಸುತ್ತೋದು. ನನ್ನ ಕೈಲಿ ಆಗಲ್ಲ ಅಂದೆ. ‘ಸ್ಟಿಕ್ಕನ್ನ ಮುಂದಕ್ಕೇ ಹಿಡ್ಕೊಂಡು ನನ್ನ ಬೆರಳು ನೋಡ್ತಿರು, ನಾನು ಎತ್ತಿದಾಗ ನೀನೂ ಎತ್ತು, ಒಟ್ಟಿಗೆ ಇಳಿಸೋಣ’ ಅಂದ್ರು. ಅಷ್ಟೇ ನಾನು ಮಾಡೋದು. ಆ ಆಟದಲ್ಲಿ ಏನೇನಿದೆ ಅಂತ ನಂಗಿನ್ನೂ ಸರಿಯಾಗಿ ಗೊತ್ತಿಲ್ಲ.”

“ನಿನ್ನೆ ಪರದೆ ಕಪ್ಪಾಯ್ತಲ್ಲ?”

“ಕಪ್ಪಾಗಿತ್ತಾ?” ಎಂದರು. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ.

ಆಮೇಲೆ ದನಿ ತಗ್ಗಿಸಿ ಮುಂದುವರಿಸಿದರು. “ಹಲಗೆ ವಿಷಯಕ್ಕೆ ನೀವು ಬೇಜಾರು ಮಾಡ್ಕೊಂಡ್ರಿ ಅಂತ ಗೊತ್ತು. ಬಳೆ ತಾಗತ್ತೆ ಅಂದಿದ್ದು ಸುಮ್ನೆ. ಅತ್ತೆ ಎದುರಿಗೆ ಇವರ ಕೈ ನೋಡ್ಬೇಕು ಅಂತ ಹೇಗೆ ಹೇಳೋದು, ನಾಚ್ಕೆ ಆಗಲ್ವಾ? ಹಲಗೆ ಅಡ್ಡ ಇದ್ರೆ ಕೈ ಕಾಣಲ್ಲ.”

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಆ ಕತ್ತಲೆಯನ್ನು ಇಟ್ಟವರು ತಮಾಷೆಗೆ ಇಟ್ಟಿರಲಿಲ್ಲ. ಪರದೆ ಬಿಟ್ಟು ಪಕ್ಕದವರನ್ನು ನೋಡಲಿ ಎಂದೇ ಇಟ್ಟಿದ್ದರು. ನಮ್ಮಿಬ್ಬರ ಜಗಳ ಬಿಡಿಸಲು ಅಪ್ಪ ಹಾಕಿಸಿದ ಹಲಗೆಯಿಂದ ನಮ್ಮ ಊರಿನಲ್ಲಿ ಒಬ್ಬರೂ ಪಕ್ಕದವರನ್ನು ನೋಡಲಿಲ್ಲ. ನಾನಂತೂ ಹೋದ ಹಲಗೆಯನ್ನು ಹಟ ಮಾಡಿ ವಾಪಸು ತರಿಸಿದವಳು. ಅತ್ತಿಗೆ ಒಂದು ಹಿಡಿ ದಂಟನ್ನು ನನ್ನ ಮಡಿಲಿಗೆ ಹಾಕಿದರು. ಸಿಟ್ಟಿನಲ್ಲೇ ಬಿಡಿಸಿದೆ.

ಸಂಜೆ ಅಣ್ಣ ಬಂದ. ಅತ್ತಿಗೆಯೂ ಅಮ್ಮನೂ ಅಡುಗೆಮನೆಯಲ್ಲಿದ್ದರು. ನನಗೆಂದು ಅಣ್ಣ ಮತ್ತೆ ಸಿಕ್ಕಿಸಿದ ಅಡ್ಡಹಲಗೆಯನ್ನು ನಾನು ಎಳೆದು ತೆಗೆದೆ.

“ಅಪ್ಪನ ಹಲಗೆ?” ಎಂದ ಅಣ್ಣ.

“ಇರ್ಲಿ ಬಿಡು. ಕೂತ್ಕೋ.”

ಆರು ಸೇತುವೆಗಳನ್ನು ನಾನು ಎಂದಿನಂತೆ ಪರದೆ ನೋಡಿಯೇ ದಾಟಿದೆ. ಅದರಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಏಳನೆಯದಕ್ಕೆ ಕಾಲಿಟ್ಟೆವು. ಪರದೆ ಕಪ್ಪಾಯಿತು. ಆಳುಗಳು ನಿಂತರು.

ನಾನು ತಲೆ ತಿರುಗಿಸಿ ಅಣ್ಣನ ಕೈ ನೋಡಿದೆ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಆಡಿದರೂ ಅದನ್ನು ನೋಡಿರಲಿಲ್ಲ. ಬೆರಳು ಎದ್ದು ನಿಂತಿತ್ತು. ನನ್ನ ಬೆರಳು ಎದ್ದರೆ ಸಾಕು, ಇಬ್ಬರೂ ಇಳಿಸುತ್ತೇವೆ, ದಾಟುತ್ತೇವೆ. ನನಗೆ ಅಷ್ಟು ಹೊತ್ತಿಗೆ ದಾಟುವುದು ಬೇಕಿರಲಿಲ್ಲ. ಈ ಕಾಯುವುದನ್ನು ಅವನು ಕಲಿತದ್ದು ಅವಳಿಗೋಸ್ಕರ. ನನಗೆ ಸಿಗುತ್ತಿರುವುದು ಅದರ ಮಿಕ್ಕಿದ್ದೋ, ನನ್ನದೇ ಪಾಲೋ, ಅದೊಂದು ಗೊತ್ತಾಗಬೇಕಿತ್ತು. ನನ್ನ ಬೆರಳನ್ನು ಗುಂಡಿಯ ಮೇಲೆ ಹಾಗೆಯೇ ಇಟ್ಟುಕೊಂಡೆ, ಎತ್ತಲಿಲ್ಲ.

ಮರ ಕಿರುಗುಟ್ಟಿತು. ಅವನ ಬೆರಳು ಇಳಿಯಲಿಲ್ಲ. ಕಿರುಗುಟ್ಟುವುದು ಜೋರಾಯಿತು.

“ಪುಟ್ಟೀ” ಎಂದ ಅಣ್ಣ, ಮೆಲ್ಲಗೆ. ಅವಸರ ಮಾಡಲಿಲ್ಲ.

ಮರ ಲಟಲಟನೆ ಮುರಿಯಿತು. ಆಳುಗಳು, ಪಲ್ಲಕ್ಕಿ ಎಲ್ಲವೂ ಕತ್ತಲೆಯಲ್ಲಿ ಕೆಳಗೆ ಹೋಗುವ ಆ ಉದ್ದನೆಯ ಸದ್ದು ಕೇಳಿತು, ಕೇಳಿ ಮುಗಿಯಿತು. ಅಣ್ಣನ ಬೆರಳು ಇನ್ನೂ ಎತ್ತಿದಂತೆಯೇ ಇತ್ತು.